ಉಷ್ಣ ಅಂದುಕೊಂಡಿದ್ದೆವು

ನನ್ನ ತವರು ಮಾರನಹಳ್ಳಿ. ಶಿರಾಡಿ ಘಾಟಿಯ ತಲೆಯ ಮೇಲೆ, ಹೆದ್ದಾರಿಗೆ ಅಂಟಿಕೊಂಡೇ ನಮ್ಮ ಮನೆಯಿತ್ತು. ಮದುವೆಯಾಗಿ ಸಕಲೇಶಪುರಕ್ಕೆ ಬಂದೆ. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರ್. ಸಕಲೇಶಪುರದಿಂದ ಮಂಗಳೂರಿಗೆ ಹೋಗಿ ಬರುವ ಬಸ್ಸಿನಲ್ಲೇ ಅವರ ಆಯುಸ್ಸಿನ ಬಹುಪಾಲು ಕಳೆಯಿತು. ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಅವರ ಬಸ್ಸು ದಿನವೂ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ನಿಲ್ಲಿಸುವ ಹಾಗಿರಲಿಲ್ಲ. ಹಾರ್ನ್ ಚಿಕ್ಕದಾಗಿ ಒಮ್ಮೆ ಒತ್ತುತ್ತಿದ್ದರು. "ಅಳಿಯಂದ್ರು ಹೋದ್ರು" ಎಂದು ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು. ಮಗುವನ್ನು ಎತ್ತಿಕೊಂಡು ನಾನು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ತಿರುವಿನಾಚೆ ಹೋಗಿ, ಡೀಸೆಲ್ ಹೊಗೆ ಮಾತ್ರ ನಿಂತಿರುತ್ತಿತ್ತು. ಆ ಹೊಗೆ ನೋಡಿಕೊಂಡು ನಿಲ್ಲುವುದರಲ್ಲೂ ನನಗೊಂದು ಸುಖವಿತ್ತು.

ಬಸ್ಸಿನ ಮೇಲೆ ಅಷ್ಟು ಅಧಿಕಾರವಿದ್ದ ಮನುಷ್ಯ, ಕೆಳಗಿಳಿದರೆ ಬಹಳ ಸಂಕೋಚದವರು. ತಮ್ಮ ಒಳಉಡುಪನ್ನು ತಾವೇ ಒಗೆದು, ತಂತಿಯ ಮೇಲೆ ಟವೆಲಿನ ಅಡಿ ಮುಚ್ಚಿ ಒಣಗಿಸುತ್ತಿದ್ದರು. ಮಗಳು ದೊಡ್ಡವಳಾದಳೆಂದು ನಾನು ಹೇಳಿದ ದಿನ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದವರು ಊಟಕ್ಕೆ ಕರೆಯುವವರೆಗೂ ಇಳಿಸಲಿಲ್ಲ. ನಮ್ಮಿಬ್ಬರ ನಡುವೆಯೂ ಎಷ್ಟೋ ವಿಷಯ ಮಾತಿಲ್ಲದೆ ನಡೆದುಕೊಂಡು ಬಂದಿತ್ತು. ಅದರಿಂದ ನನಗೇನೂ ಕೊರತೆ ಅನ್ನಿಸಿರಲಿಲ್ಲ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು ಇತ್ತು. ಕಾಫಿ ಎಸ್ಟೇಟುಗಳ ಕೂಲಿ ಲೈನಿನ ಹೆಂಗಸರು ಸಂತೆಗೆ ಬಂದಾಗ ರವಿಕೆ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಡ್ಯೂಟಿ ಮುಗಿಸಿ ಬಂದ ಸಂಜೆ ಅವರು ಮಷೀನಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಕೆಳಗೆ ಬಿದ್ದ ದಾರದ ತುಂಡುಗಳನ್ನು ಆರಿಸಿ ಉಂಡೆ ಮಾಡುತ್ತಾ ದಾರಿಯ ಸುದ್ದಿ ಹೇಳುತ್ತಿದ್ದರು. ಗುಂಡ್ಯದಲ್ಲಿ ಯಾವ ಲಾರಿ ಕೆಟ್ಟು ನಿಂತಿತ್ತು, ನೆಲ್ಯಾಡಿಯಲ್ಲಿ ಹತ್ತಿದ ಮುದುಕಿ ಕೋಳಿಗೂ ಟಿಕೆಟ್ ಕೊಡು ಎಂದು ಕಂಡಕ್ಟರ ಜೊತೆ ಹೇಗೆ ಜಗಳ ಆಡಿದಳು, ಇಂಥವು. ಈಗ ಮಷೀನು ಕಿಟಕಿಯ ಹತ್ತಿರ ಸರಿಸಿದ್ದೇನೆ. ದಾರದ ತುಂಡುಗಳನ್ನು ಪೊರಕೆಯಲ್ಲಿ ಗುಡಿಸುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಎಡಕುಮೇರಿ ಮೇಲೆ ಹೋಗುತ್ತಿದ್ದ ರೈಲು ನಿಂತು, ಹಳಿ ಅಗಲ ಮಾಡುವ ಕೆಲಸ ನಡೆದಿತ್ತು. ರೈಲಿನ ಜನವೆಲ್ಲ ಬಸ್ಸಿಗೇ ಬಂದು ಡ್ರೈವರುಗಳಿಗೆ ಬಿಡುವೇ ಇರಲಿಲ್ಲ. ಆ ವರ್ಷ ಅವರು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದು ನನ್ನ ಕಣ್ಣಿಗೆ ಬಿತ್ತು. ಬೆಳಗಿನ ಕಾಫಿಯನ್ನೂ ಅರ್ಧ ಲೋಟಕ್ಕೆ ಇಳಿಸಿದರು. ಬಚ್ಚಲಿಗೆ ಹೋದರೆ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಒಳಗೆ ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ನಿಲ್ಲುತ್ತಿದ್ದರು. ನೀರು ಬೀಳುವ ಸದ್ದಿಗೆ ತಮಗೂ ಬಂದೀತು ಎಂಬ ಆಸೆ ಅದು ಎಂದು ನನಗೆ ಆಮೇಲೆ ಗೊತ್ತಾಯಿತು. ಮಲಗಿದವರು ಮತ್ತೆ ಮತ್ತೆ ಏಳುತ್ತಿದ್ದರು. ಸೊಂಟ ನೋವು ಎನ್ನುತ್ತಿದ್ದರು. ಅದಕ್ಕೆ ಬಸ್ಸಿನ ಸೀಟನ್ನು ಬೈಯುತ್ತಿದ್ದರು.

"ಏನ್ರೀ, ಒಂದ್ಸಲ ಡಾಕ್ಟರಿಗೆ ತೋರಿಸೋಣ" ಎಂದೆ.

"ಉಷ್ಣ ಕಣೇ. ಇಂಜಿನ್ ಪಕ್ಕ ಕೂತು ಕೂತು ಮೈಯೆಲ್ಲ ಕಾದೈತೆ. ಎಲ್ಲ ಡ್ರೈವರಿಗೂ ಇದ್ದಿದ್ದೇ."

ಉಷ್ಣ ಅಂದರೆ ನನಗೆ ಗೊತ್ತಿದ್ದ ದಾರಿಗಳಿದ್ದವು. ಮೆಂತ್ಯ ನೆನೆಸಿ ಮಜ್ಜಿಗೆಯಲ್ಲಿ ಕೊಟ್ಟೆ. ಬಾರ್ಲಿ ಬೇಯಿಸಿದ ನೀರು ಕೊಟ್ಟೆ. ಬಾಳೆದಿಂಡಿನ ರಸ, ಎಳನೀರು, ನೆತ್ತಿಗೆ ಹರಳೆಣ್ಣೆ. ಒಂದೆರಡು ದಿನ ಹಗುರಾದ ಹಾಗೆ ಕಾಣುತ್ತಿತ್ತು. ಅವರೂ "ಕಮ್ಮಿ ಆಯ್ತು" ಎನ್ನುತ್ತಿದ್ದರು. ಮತ್ತೆ ನಲ್ಲಿಯ ಸದ್ದು ಶುರುವಾಗುತ್ತಿತ್ತು. ಇನ್ನೊಮ್ಮೆ ನಾನು ಆಸ್ಪತ್ರೆಯ ಮಾತು ಎತ್ತಿದಾಗ ನಿಜವಾದ ಕಾರಣ ಹೊರಬಂತು.

"ಹೋಗಿ ಏನಂತ ಹೇಳ್ಲಿ? ಒಂದ ಸರಿಯಾಗಿ ಬತ್ತಿಲ್ಲ ಅಂತಲಾ? ಅಲ್ಲಿ ಚೀಟಿ ಬರಿಯೋ ಹುಡುಗಿ ನಮ್ಮೂರೋಳು ಕಣೇ."

ಅದೇ ಮಳೆಗಾಲದಲ್ಲಿ ಒಂದು ದಿನ ಗುಂಡ್ಯದ ಮೇಲಿನ ತಿರುವಿನಲ್ಲಿ ಲಾರಿಯೊಂದು ಅಡ್ಡ ಬಿದ್ದು ದಾರಿ ಕಟ್ಟಿತು. ಮಂಗಳೂರಿನಿಂದ ಬರುತ್ತಿದ್ದ ಇವರ ಬಸ್ಸು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅಲ್ಲೇ ನಿಂತಿತ್ತು. ಇಳಿದು ಮರದ ಮರೆಗೆ ಹೋದರಂತೆ. ಏನೂ ಬರಲಿಲ್ಲ. ಮತ್ತೆ ಹೋದರಂತೆ. ಹೊಟ್ಟೆಯ ಕೆಳಗೆ ಕಲ್ಲಿನ ಹಾಗೆ ಗಟ್ಟಿಯಾಗಿ, ಮುಖವೆಲ್ಲ ಬೆವತು ಹೋಗಿತ್ತು. ದಾರಿ ತೆರೆದ ಮೇಲೆ ಬಸ್ಸು ಹತ್ತಿಸಿಕೊಂಡು ಬಂದು ಮಾರನಹಳ್ಳಿ ಮುಟ್ಟಿದಾಗ ಕಂಡಕ್ಟರು, "ಇಲ್ಲೇ ಬುಟ್ಬುಡಿ, ನಿಮ್ಮ ಅತ್ತೆ ಮನೇಲಿ ಮಲಗಿ, ಬೇರೆ ಡ್ರೈವರ್ ಕಳಿಸ್ತಾರೆ" ಎಂದನಂತೆ. ಇವರು ಹಿಂದೆ ತಿರುಗಿ, ಒದ್ದೆಯಾಗಿ ಕೂತ ಜನರನ್ನೊಮ್ಮೆ ನೋಡಿ ಗೇರ್ ಹಾಕಿದರಂತೆ. ಸಕಲೇಶಪುರದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಇವರಿಗೆ ಮಾತ್ರ ಸೀಟಿನಿಂದ ಏಳಲು ಆಗಲಿಲ್ಲ.

ಕಂಡಕ್ಟರು ಮನೆಗೆ ಓಡಿ ಬಂದ. "ಅಕ್ಕ, ಗಾಬರಿ ಆಗ್ಬೇಡಿ. ಆಸ್ಪತ್ರೆಗೆ ಸೇರಿಸೀವಿ. ನೀರು ಕಟ್ಕಂಡೈತೆ" ಎಂದ. ನಾನು ಹೋಗುವ ಹೊತ್ತಿಗೆ ನಳಿಗೆ ಹಾಕಿ ಮೂತ್ರ ತೆಗೆದಿದ್ದರು. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಡಾಕ್ಟರು ಬೆರಳಿನಲ್ಲಿ ಪರೀಕ್ಷೆ ಮಾಡಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, "ಒಳಗಿರೋ ಗ್ರಂಥಿ ಗಟ್ಟಿಯಾಗಿದೆ. ನನಗ್ಯಾಕೋ ಅನುಮಾನ. ತಡ ಮಾಡದೆ ಮಂಗಳೂರಿಗೆ ಕರ್ಕೊಂಡು ಹೋಗಿ" ಎಂದರು.

ಮಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸೂಜಿ ಹಾಕಿ ಚೂರು ತೆಗೆದರು, ಮೂಳೆಗಳ ಚಿತ್ರ ತೆಗೆದರು. ಎಲ್ಲ ಬಂದ ಮೇಲೆ ಅಲ್ಲಿನ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ವಯಸ್ಸಾದವರು, ಮೆತ್ತಗಿನ ಮಾತು.

"ನೋಡಿ, ಮೂತ್ರಕೋಶದ ಕೆಳಗೆ ಗಂಡಸರಿಗೆ ಒಂದು ಗ್ರಂಥಿ ಉಂಟು. ಪ್ರಾಸ್ಟೇಟ್ ಅಂತ ಹೆಸರು. ವಯಸ್ಸಾದ ಹಾಗೆ ತುಂಬ ಜನಕ್ಕೆ ಅದು ದೊಡ್ಡದಾಗ್ತದೆ, ಮೂತ್ರ ಮಾಡ್ಲಿಕ್ಕೆ ಕಷ್ಟ ಆಗ್ತದೆ. ಅದೆಲ್ಲ ಕ್ಯಾನ್ಸರ್ ಅಲ್ಲ. ನಿಮಗೆ ಆಗಿರುವುದು ಮಾತ್ರ ಕ್ಯಾನ್ಸರ್. ಬೆನ್ನಿನ ಮೂಳೆಗೂ ಹೋಗಿದೆ. ಸೊಂಟ ನೋವು ಅಂತೀರಲ್ಲ, ಅದು ಅದೇ."

ನಾನೇ ಕೇಳಿದೆ. "ಮುಂಚೆ ಗೊತ್ತಾಗ್ತಿತ್ತಾ ಸಾರ್?"

"ಶುರುವಿನಲ್ಲಿ ಇದು ಏನೂ ಹೇಳುವುದಿಲ್ಲಮ್ಮ. ನೋವಿಲ್ಲ, ಉರಿ ಇಲ್ಲ. ಹಾಗಾಗಿ ಯಾರೂ ಬರುವುದಿಲ್ಲ. ಐವತ್ತರ ಹತ್ತಿರ ಬಂದವರು ಡಾಕ್ಟರ ಹತ್ರ ಕೇಳಿ ಒಂದು ರಕ್ತ ಪರೀಕ್ಷೆ ಮಾಡಿಸಿ, ಬೆರಳಲ್ಲಿ ಒಮ್ಮೆ ನೋಡಿಸಿಕೊಂಡರೆ ಹೆಚ್ಚಿನದು ಸಿಗ್ತದೆ. ಗ್ರಂಥಿಯೊಳಗೇ ಇದ್ದಾಗ ಸಿಕ್ಕಿದರೆ ಗುಣ ಮಾಡ್ಬಹುದು. ಮೂಳೆಗೆ ಹೋದ ಮೇಲೆ ಹಿಡಿದು ನಿಲ್ಲಿಸಬಹುದು ಅಷ್ಟೆ." ಸ್ವಲ್ಪ ತಡೆದು ಇವರನ್ನು ಕೇಳಿದರು, "ಅಣ್ಣತಮ್ಮಂದಿರು ಇದ್ದಾರಾ?"

"ಒಬ್ಬ ತಮ್ಮ ಅವ್ನೆ."

"ಅವರನ್ನು ಕಳಿಸಿ. ರಕ್ತಸಂಬಂಧದಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಸ್ವಲ್ಪ ಹೆಚ್ಚು ಭಯ. ಬೇಗ ನೋಡಿಸಬೇಕು."

ಆಮೇಲೆ ಇವರು ನನ್ನ ಕಡೆ ನೋಡಿದರು. ಹೊರಗೆ ಹೋಗು ಎಂಬ ನೋಟ ಅದು. ನಾನು ಎದ್ದು ಬಂದು ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದು ಹೊರಬಂದಾಗ ಅವರ ಕೈಯಲ್ಲಿ ಚೀಟಿಗಳಿದ್ದವು. ಮುಖದಲ್ಲಿ ಏನೂ ಇರಲಿಲ್ಲ.

ವಾಪಸ್ ಬರುವಾಗ ನಮಗೆ ಸಿಕ್ಕಿದ್ದು ಬೇರೆ ಡ್ರೈವರನ ಬಸ್ಸು. ತಮ್ಮದೇ ಘಾಟಿಯಲ್ಲಿ ಅವರು ಪ್ರಯಾಣಿಕರಾಗಿ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಿಟಕಿಯ ಪಕ್ಕ ಕೂತಿದ್ದರು. ತಿರುವು ಬಂದಾಗೆಲ್ಲ ಅವರ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಘಾಟಿ ಏರತೊಡಗಿ ಇಂಜಿನ್ನಿನ ಅಬ್ಬರ ಹೆಚ್ಚಾದ ಮೇಲೆ, ಆ ಸದ್ದನ್ನೇ ಕಾದಿದ್ದವರ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಬೀಜ ತೆಗೀಬೇಕಂತೆ ಕಣೇ. ಎರಡೂ."

ಸದ್ದಿನಲ್ಲಿ ನನಗೆ ತಪ್ಪು ಕೇಳಿಸಿತೇನೋ ಅಂದುಕೊಂಡು ಅವರ ಮುಖ ನೋಡಿದೆ. ಅವರು ಎದುರಿನ ಸೀಟಿನ ಕಂಬಿ ನೋಡುತ್ತಲೇ ಹೇಳಿದರು, "ಅದರಿಂದ ಬರೋದನ್ನೇ ಈ ಕಾಯಿಲೆ ತಿಂದು ಬೆಳೀತದಂತೆ. ಅದು ನಿಂತ್ರೆ ಇದು ಸೊರಗ್ತದಂತೆ. ಬರೋ ವಾರ ಬನ್ನಿ, ಹೆಂಡ್ತಿ ಕೂಡೆ ಮಾತಾಡ್ಕಂಡು ಬನ್ನಿ ಅಂದ್ರು."

ಒಂದು ತಿರುವು ದಾಟಿತು. ಕಾಲು ಒತ್ತಿ ಸಡಿಲವಾಯಿತು.

"ಊರಲ್ಲಿ ನಮ್ಮಪ್ಪ ಹೋರಿಗೆ ಬೀಜ ಹೊಡಿಸುವಾಗ ನಾನು ಗದ್ದೆ ಕಡೆ ಓಡೋಗ್ಬುಡ್ತಿದ್ದೆ. ಅದು ಕೂಗೋದು ಕೇಳಕ್ಕಾಗ್ತಿರ್ಲಿಲ್ಲ. ಆಮೇಲೆ ಜನ ಅದನ್ನ ನೋಡೋ ರೀತಿನೇ ಬೇರೆ ಆಗ್ತಿತ್ತು."

"ಆಮೇಲೆ ಅದು ಏನ್ಮಾಡ್ತಿತ್ತು?" ಎಂದೆ.

"ಏನ್ಮಾಡ್ತದೆ. ಉಳ್ತಿತ್ತು. ಗಾಡಿ ಎಳೀತಿತ್ತು."

"ಮನೇಲೇ ಇರ್ತಿತ್ತಲ್ಲ?"

"ಇರ್ತಿತ್ತು."

"ನೀವೂ ಇರಿ. ನಂಗೆ ಬೇಕಾಗಿರೋದು ಅಷ್ಟೇ."

ಅವರು ಕಿಟಕಿಯ ಆಚೆ ನೋಡಿದರು. ಕೆಳಗೆ ಕಣಿವೆಯಲ್ಲಿ ಮಂಜು ತುಂಬಿತ್ತು. ಮಾರನಹಳ್ಳಿ ಹತ್ತಿರವಾಗುವಾಗ ಅವರ ಕೈ ಬಂದು ನನ್ನ ಕೈಯ ಮೇಲೆ ಕೂತಿತು. ಮಗಳು ಹುಟ್ಟಿದ ಆಸ್ಪತ್ರೆಯಲ್ಲೂ ನಾಲ್ಕು ಜನರೆದುರು ನನ್ನ ಕೈ ಮುಟ್ಟದಿದ್ದ ಮನುಷ್ಯ. ನಮ್ಮ ತವರಿನ ಬಾಗಿಲು ಹಾದುಹೋದರೂ ಕೈ ತೆಗೆಯಲಿಲ್ಲ.

ಆಪರೇಷನ್ ದೊಡ್ಡದಾಗಿರಲಿಲ್ಲ. ಮನೆಗೆ ಬಂದ ಮೇಲೆ ಮೆತ್ತಗಿನ ಬಟ್ಟೆ ತಂದು ಅವರಿಗೆ ಸಡಿಲ ಪೈಜಾಮ ಹೊಲಿದುಕೊಟ್ಟೆ. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಸೊಂಟದ ನೋವು ಕೆಲವೇ ದಿನಗಳಲ್ಲಿ ಎದ್ದು ಹೋದ ಹಾಗೆ ಹೋಯಿತು. ನಳಿಗೆಯೂ ಸ್ವಲ್ಪ ಕಾಲಕ್ಕೆ ತೆಗೆದರು. ಒಂದು ಬೆಳಗ್ಗೆ ಬಚ್ಚಲಿನಿಂದ ನಲ್ಲಿಯ ಸದ್ದಿಲ್ಲದೆ ಹೊರಬಂದು, ಒಲೆಯ ಮುಂದೆ ನಿಂತು, "ಇವತ್ತು ಕಾಫಿ ಪೂರ್ತಿ ಲೋಟ ಕೊಡು" ಎಂದರು. ಮತ್ತೆ ಬಸ್ಸು ಓಡಿಸಲು ಬಿಡಲಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು, ಆಮೇಲೆ ನಿವೃತ್ತಿಯಾಯಿತು.

ಆಪರೇಷನ್ನಿನ ಹಿಂದೆಯೇ ಒಂದು ಹೊಸ ತೊಂದರೆ ಶುರುವಾಯಿತು. ಸುಮ್ಮನೆ ಕೂತವರಿಗೆ ಎದೆಯಿಂದ ಬಿಸಿ ಎದ್ದು ಮುಖಕ್ಕೆ ಹತ್ತಿ, ಬೆವರು ಸುರಿದು, ಮರುಗಳಿಗೆ ಚಳಿಯಾಗುತ್ತಿತ್ತು. ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನಗೂ ಆಗ ಮುಟ್ಟು ನಿಲ್ಲುವ ಕಾಲ. ನನಗೂ ಅದೇ ಬಿಸಿ, ಅದೇ ಬೆವರು. ಒಂದು ಸಂಜೆ ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದೆವು. ಹೊರಗೆ ಸಣ್ಣ ಚಳಿ. ರವಿಕೆ ಬಟ್ಟೆ ಸುತ್ತಿ ಬರುವ ರಟ್ಟನ್ನು ಹಿಡಿದು ಅವರು ಗಾಳಿ ಹಾಕಿಕೊಳ್ಳುತ್ತಿದ್ದರು. ನಾನೂ ಒಳಗೆ ಹೋಗಿ ಇನ್ನೊಂದು ರಟ್ಟು ತಂದೆ.

"ನಿಂಗೂ ಬಂತಾ?" ಎಂದರು.

"ಬಂತು."

"ಇದೇ ತರಾನಾ? ಒಳಗಿಂದ ಒಲೆ ಹಚ್ಚಿದಂಗೆ?"

"ಹೂಂ. ಇದೇ ತರ."

ರಟ್ಟು ಬೀಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಇದನ್ನ ಇಟ್ಕಂಡು ಅಡಿಗೆ ಒಲೆ ಮುಂದೆ ನಿಂತ್ಕತಿದ್ದೇನೇ ಇಷ್ಟು ದಿವ್ಸ? ನಂಗ್ಯಾಕೆ ಹೇಳ್ಲಿಲ್ಲ?"

"ನೀವು ನಿಮ್ಮದನ್ನ ಹೇಳಿದ್ರಾ?"

ಮೊದಲು ಅವರೇ ನಕ್ಕರು. ಆಮೇಲೆ ನನಗೂ ತಡೆಯಲಾಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ನಕ್ಕೆವು. ಆ ಸಂಜೆಯಿಂದ ನಮ್ಮ ಮನೆಯಲ್ಲಿ ಮಾತು ಶುರುವಾಯಿತು ಎಂದೇ ನಾನು ತಿಳಿದಿದ್ದೇನೆ. ನನ್ನ ಮೈಯ ಬಗ್ಗೆ, ಅವರ ಮೈಯ ಬಗ್ಗೆ, ಹೆರಿಗೆಯಲ್ಲಿ ನನಗಾದ ಭಯದ ಬಗ್ಗೆ, ಅವರಿಗೆ ಈಗಿರುವ ಭಯದ ಬಗ್ಗೆ. ಮದುವೆಯಾದ ಅಷ್ಟು ವರ್ಷಗಳಲ್ಲಿ ಆಡದಿದ್ದನ್ನು ಆ ಮೆಟ್ಟಿಲ ಮೇಲೆ ಆಡಿದೆವು. ಆ ಕಾಲ ಇನ್ನೂ ಸ್ವಲ್ಪ ಉದ್ದ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ತಮ್ಮನಿಗೆ ಹೇಳಿ ಕಳಿಸಿದ್ದರು, ಅವನು ಬಂದಿರಲಿಲ್ಲ. ನನ್ನ ಮೈದುನ ಆಲೂರು ತಾಲ್ಲೂಕಿನ ಕುಂದೂರು ಕಡೆ, ಅವರ ಹಿರಿಯರ ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದ. ಗದ್ದೆ, ಒಂದಿಷ್ಟು ಕಾಫಿ, ಶುಂಠಿ. ಅಣ್ಣನಿಗಿಂತ ಐದಾರು ವರ್ಷ ಚಿಕ್ಕವನು. ಕಲ್ಲಿನ ಹಾಗಿದ್ದ. ಜ್ವರ ಬಂದದ್ದೂ ನಾನು ಕಂಡಿರಲಿಲ್ಲ. ಕೊನೆಗೆ ಇವರೇ, "ನಡಿ, ನಾವೇ ಹೋಗಣ" ಎಂದರು.

ನಾವು ಹೋದಾಗ ಕಣದಲ್ಲಿ ಬತ್ತ ತೂರುತ್ತಿದ್ದರು. ಮಧ್ಯಾಹ್ನ ರೊಟ್ಟಿ, ಅವರೆಕಾಳು ಸಾರು ಊಟವಾಯಿತು. ಊಟ ಮುಗಿಸಿ ಅಣ್ಣತಮ್ಮ ಜಗಲಿಯ ಮೇಲೆ ಕೂತರು. ನಾನೂ ಓರಗಿತ್ತಿಯೂ ಬಾಗಿಲ ಹತ್ತಿರ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದೆವು.

"ಮಂಗಳೂರಿಗೆ ಯಾವತ್ತು ಬತ್ತೀಯ?" ಎಂದರು ಇವರು.

"ನಂಗೇನಾಗೈತಣ್ಣ? ಒಂದ ಸಲೀಸಾಗಿ ಬತ್ತದೆ. ಮಲಗಿದ್ರೆ ಬೆಳಗ್ಗೆಗಂಟ ಏಳಲ್ಲ."

"ಏನೂ ಆಗ್ದೇ ಇರುವಾಗ್ಲೇ ನೋಡಿಸ್ಬೇಕು ಕಣೋ. ಆದ್ಮೇಲೆ ನೋಡ್ಸಿದ್ರೆ ನನ್ನಂಗಾಗ್ತದೆ."

"ಆ ಬೆರಳು ಹಾಕೋ ಪರೀಕ್ಷೆ ನನ್ ಕೈಲಿ ಆಗಲ್ಲ. ಬೇರೆ ಏನ್ ಬೇಕಾದ್ರೂ ಹೇಳು." ಅತ್ತಿಗೆಯಾದ ನನ್ನ ಮುಂದೆ ಇಷ್ಟು ಹೇಳುವುದಕ್ಕೇ ಅವನ ಕುತ್ತಿಗೆ ಕೆಂಪಾಗಿತ್ತು. ಅಣ್ಣನ ಸಂಕೋಚವೇ ತಮ್ಮನಲ್ಲೂ ಇತ್ತು.

ಓರಗಿತ್ತಿ ಎದ್ದು ಒಳಗೆ ಹೋಗಲು ನೋಡಿದಳು. ಇವರು, "ಕೂತ್ಕಳಮ್ಮ, ನೀನೂ ಕೇಳ್ಬೇಕು" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, ದಾರಿಯ ಸುದ್ದಿ ಹೇಳುವಾಗಿನ ಅದೇ ಸಮಾಧಾನದಲ್ಲಿ, ಎಲ್ಲ ಹೇಳಿದರು. ಹೋದ ವರ್ಷದಿಂದ ಬಚ್ಚಲಿನಲ್ಲಿ ನಿಂತದ್ದು, ನೀರು ಕುಡಿಯದೆ ಬಸ್ಸು ಹೊಡೆದದ್ದು, ಗುಂಡ್ಯದಲ್ಲಿ ಮರದ ಮರೆಯಲ್ಲಿ ನಿಂತು ಅತ್ತದ್ದು. ಅತ್ತರು ಎಂಬುದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೊನೆಗೆ ಹೇಳಿದರು, "ಆಸ್ಪತ್ರೆಲಿ ಏನು ಆಪರೇಷನ್ ಅಂತ ನಿಂಗೆ ನಾನು ಹೇಳ್ಲಿಲ್ಲ. ಬೀಜ ತೆಗೆದವ್ರೆ ಕಣೋ. ನಾಚ್ಕೆಯಿಂದ ಹೇಳ್ಲಿಲ್ಲ. ಅದೇ ನಾಚ್ಕೆಯಿಂದ ಡಾಕ್ಟರ ಹತ್ರಾನೂ ಹೋಗ್ಲಿಲ್ಲ. ಒಂದು ಬೆರಳಿಗೆ ನಾಚ್ಕಂಡು ನಾನು ಏನೇನು ಕಳ್ಕಂಡೆ ನೋಡು. ನೀನು ಕಳ್ಕಬೇಡ."

ಓರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕಣದಲ್ಲಿ ಯಾರೋ ಮೊರ ಬಡಿಯುತ್ತಿದ್ದರು. ಮೈದುನ ಎದ್ದು, ಅಣ್ಣನ ಕಡೆ ನೋಡದೆಯೇ, "ಬತ್ತ ಮನೆಗೆ ಸೇರ್ಲಿ, ಬತ್ತೀನಿ" ಎಂದು ಕಣಕ್ಕೆ ಹೋದ. ಬರುವುದಿಲ್ಲ ಎಂದೇ ನಾನು ಅಂದುಕೊಂಡೆ. ಆದರೆ ಮುಂದಿನ ವಾರ ಬೆಳಗ್ಗೆ, ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ, ಗಂಡ ಹೆಂಡತಿ ಇಬ್ಬರೂ ಕೈಚೀಲ ಹಿಡಿದು ನಮ್ಮ ಮನೆ ಮುಂದೆ ನಿಂತಿದ್ದರು.

ಅವನ ರಕ್ತದಲ್ಲಿ ಆ ಗ್ರಂಥಿಯ ಅಂಶ ಜಾಸ್ತಿ ಬಂತು. ಚೂರು ತೆಗೆದು ನೋಡಿದರು. ಇತ್ತು. ಗ್ರಂಥಿಯೊಳಗೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಕೇಳಿ ಮೈದುನ ಗೋಡೆಗೆ ಒರಗಿ ಕುಸಿದು ಕೂತ. "ಏನೂ ನೋವಿಲ್ಲದೆ ಹೆಂಗೆ ಬಂತಣ್ಣ" ಎಂದು ಅದನ್ನೇ ಕೇಳುತ್ತಿದ್ದ. ಇವರು ಅವನ ಪಕ್ಕ ನೆಲದ ಮೇಲೇ ಕೂತು ಭುಜ ಹಿಡಿದುಕೊಂಡರು. "ಬಂದೈತೆ. ಆದ್ರೆ ಸಿಕ್ಕೈತೆ. ನಂಗೆ ಸಿಕ್ಕಿರ್ಲಿಲ್ಲ" ಎಂದರು. ಆ ಹೊತ್ತಿನಲ್ಲಿ ಅವರ ಮುಖದಲ್ಲಿದ್ದದ್ದು ದುಃಖವಲ್ಲ. ಘಾಟಿ ಇಳಿಸಿ ಬಸ್ಸು ನಿಲ್ಲಿಸಿದ ಮೇಲೆ ಅವರ ಮುಖ ಹಾಗೆ ಕಾಣುತ್ತಿತ್ತು.

ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಇಡೀ ಗ್ರಂಥಿಯನ್ನೇ ತೆಗೆದರು. ಅದೇನು ಸುಲಭವಾಗಿರಲಿಲ್ಲ. ಎಷ್ಟೋ ತಿಂಗಳು ಮೂತ್ರ ಹಿಡಿದುಕೊಳ್ಳಲು ಆಗದೆ ಅವನು ಬಟ್ಟೆ ಕಟ್ಟಿಕೊಂಡು ಗದ್ದೆಗೆ ಹೋಗುತ್ತಿದ್ದ. ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹೊಲಿದು ನಾನೇ ಕಳಿಸುತ್ತಿದ್ದೆ. ನಿಧಾನಕ್ಕೆ ಅದೂ ಸರಿಹೋಯಿತು. ಮರುವರ್ಷದ ನಾಟಿಗೆ ಅವನು ಗದ್ದೆಯಲ್ಲಿ ನಿಂತಿದ್ದ.

ತಮ್ಮನದು ಹೀಗಾದ ಮೇಲೆ ಇವರಿಗೆ ತಡೆಯೇ ಇಲ್ಲದ ಹಾಗಾಯಿತು. ಕ್ಷೌರದ ಅಂಗಡಿಯಲ್ಲಿ, ಡಿಪೋದ ಡ್ರೈವರುಗಳ ಕೋಣೆಯಲ್ಲಿ, ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ, ತಲೆ ನರೆತ ಯಾರೇ ಸಿಕ್ಕಲಿ, ಪಕ್ಕ ಕೂತು ಶುರು ಮಾಡುತ್ತಿದ್ದರು. ಟವೆಲಿನ ಅಡಿ ಬಟ್ಟೆ ಒಣಗಿಸುತ್ತಿದ್ದ ಅದೇ ಮನುಷ್ಯ. ಕಂಡಕ್ಟರು ಒಮ್ಮೆ ನನಗೆ ಹೇಳಿದ. ಹೋಟೆಲಿನಲ್ಲಿ ಒಬ್ಬ ಹೊಸ ಡ್ರೈವರು ಇವರ ಮಾತು ಕೇಳಿ ನಕ್ಕು, "ಏನ್ ಸಾರ್, ಎಲ್ಲ ಕಿತ್ಹಾಕ್ಸಿಕಂಡು ಆರಾಮಾಗಿದ್ದೀರಾ" ಎಂದನಂತೆ. ಇವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ಆರಾಮಾಗಿದ್ದೀನಿ ಮಾರಾಯ. ಕೂತ್ಕಂಡು ಕಾಫಿ ಕುಡೀತಿದ್ದೀನಿ. ನಿಮ್ಮಪ್ಪಂಗೆ ಎಷ್ಟು ವಯಸ್ಸು?" ಎಂದರಂತೆ. ಆ ಹುಡುಗ ಆಮೇಲೆ ಯಾವತ್ತೋ ಸ್ಟ್ಯಾಂಡಿಗೆ ಬಂದು, ಎಲ್ಲಿ ತೋರಿಸಬೇಕು ಎಂದು ಮೆಲ್ಲಗೆ ಕೇಳಿದನಂತೆ. ಕಂಡಕ್ಟರೂ ಹೋಗಿ ತೋರಿಸಿಕೊಂಡ. ಅವನಿಗೆ ಬರೀ ವಯಸ್ಸಿನ ಊತ, ಮಾತ್ರೆಯಲ್ಲಿ ಸರಿಹೋಯಿತು. "ಅಕ್ಕ, ಕ್ಯಾನ್ಸರಲ್ಲ ಅಂತ ಗೊತ್ತಾಗಿದ್ದೇ ಅರ್ಧ ಗುಣ ಆದಂಗಾಯ್ತು" ಎಂದಿದ್ದ.

ಎರಡು ವರ್ಷ ದಾಟಿ ಇನ್ನೂ ಕೆಲವು ತಿಂಗಳು ಒಳ್ಳೆಯದಾಗಿತ್ತು. ಆಮೇಲೆ ಕಾಯಿಲೆ ತನ್ನ ದಾರಿ ಹುಡುಕಿಕೊಂಡಿತು. ಸೊಂಟದ ನೋವು ಮರಳಿ ಬಂತು, ಈ ಸಲ ತೊಡೆಗೂ ಪಕ್ಕೆಗೂ ಸೇರಿಸಿಕೊಂಡು. ಮಾತ್ರೆ ಬದಲಾಯಿಸಿದರು, ಮೂಳೆಗೆ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಮಂಗಳೂರಿಗೆ ಹೋಗುವಾಗ ಡಿಪೋದವರು ಮುಂದಿನ ಸೀಟು ಖಾಲಿ ಇಡಿಸುತ್ತಿದ್ದರು. ಆಮೇಲಾಮೇಲೆ ಬಸ್ಸಿನ ಕುಲುಕಾಟವನ್ನೂ ತಡೆಯಲಾಗದೆ ಮನೆಯಲ್ಲೇ ಉಳಿದರು. ಮಗಳು ಹಾಸನದ ಗಂಡನ ಮನೆಯಿಂದ ಬಂದು ಇದ್ದಳು. ನಾನು ಹೊಲಿಯುವ ಸದ್ದು ಅವರಿಗೆ ಬೇಕಿತ್ತು. ಬಟ್ಟೆ ಇಲ್ಲದ ದಿನವೂ "ಸುಮ್ನೆ ತುಳಿ" ಎನ್ನುತ್ತಿದ್ದರು. ದಾರವಿಲ್ಲದ ಮಷೀನನ್ನು ನಾನು ತುಳಿಯುತ್ತಾ ಕೂರುತ್ತಿದ್ದೆ.

ಕಿತ್ತಳೆ ಹಣ್ಣಿನ ಕಾಲದಲ್ಲಿ ಹೋದರು. ಬೆಳಗಿನ ಬಿಸಿಲು ಮಂಚದವರೆಗೆ ಬಂದಿತ್ತು. ಮಗಳು ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಮೈದುನ ಕಾಲ ಹತ್ತಿರ ಕೂತು ಪಾದ ಒತ್ತುತ್ತಿದ್ದ. ಹಿಂದಿನ ದಿನ ಅವರು ಅವನನ್ನು ಕೇಳಿದ್ದ ಕೊನೆಯ ಮಾತು, "ಈ ಸಲದ ರಕ್ತ ಪರೀಕ್ಷೆ ಆಯ್ತೇನೋ?" ಎಂದು. ಆಗಿರಲಿಲ್ಲ. ಅಣ್ಣನನ್ನು ಊರಿನ ಹೊಲದಲ್ಲಿ ಮಣ್ಣು ಮಾಡಿ, ಕಾರ್ಯ ಮುಗಿಸಿದ ಮೇಲೆ, ಅವನು ಮಾಡಿದ ಮೊದಲ ಕೆಲಸ ಮಂಗಳೂರಿನ ಬಸ್ಸು ಹತ್ತಿದ್ದು.

ಅದಾಗಿ ಈಗ ಬಹಳ ವರ್ಷವಾಯಿತು. ಘಾಟಿಯಲ್ಲಿ ರೈಲು ಮತ್ತೆ ಓಡುತ್ತಿದೆ. ಮೈದುನ ಮಾತ್ರ ಬಸ್ಸಿನಲ್ಲೇ ಹೋಗುತ್ತಾನೆ. ವರ್ಷಕ್ಕೊಂದು ಸಲ ರಕ್ತ ಕೊಟ್ಟು, ಡಾಕ್ಟರನ್ನು ಕಂಡು, ವಾಪಸ್ ಬರುವಾಗ ಸಕಲೇಶಪುರದಲ್ಲಿ ಇಳಿದು ನಮ್ಮ ಮನೆಗೆ ಬರುತ್ತಾನೆ. "ಏನೂ ಇಲ್ವಂತೆ ಅತ್ಗೆ" ಎನ್ನುತ್ತಾನೆ. ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಡುತ್ತಾನೆ.

ಅಣ್ಣತಮ್ಮಂದಿರ ಮುಖದಲ್ಲಿ ಹೋಲಿಕೆಯೇ ಇಲ್ಲ. ಇವರು ತೆಳ್ಳಗೆ, ಕಪ್ಪಗೆ. ಅವನು ಅಗಲ ಮೋರೆಯವನು, ತಾಯಿಯ ಬಣ್ಣ. ಆದರೆ ಇವರು ಹೋದ ಮೇಲೆ ಮೊದಲ ಸಲ ಅವನು ಬಂದಾಗ, ನಾನು ಅಡಿಗೆಮನೆಯಲ್ಲಿದ್ದೆ. ಮುಂದಿನ ಕೋಣೆಯಿಂದ ಅವನು ಏನೋ ಹೇಳಿದ. ನನ್ನ ಕೈಯ ಸೌಟು ಪಾತ್ರೆಗೆ ಬಿತ್ತು. ಇಬ್ಬರೂ ಜೊತೆಗಿದ್ದಾಗ ನನಗೆ ಯಾವತ್ತೂ ತಿಳಿದಿರಲಿಲ್ಲ, ಕಾಣದ ಜಾಗದಿಂದ ಕೇಳಿದರೆ ಇಬ್ಬರದೂ ಒಂದೇ ದನಿ. ಮಾತಿನ ಕೊನೆಯನ್ನು ಸ್ವಲ್ಪ ಎಳೆದು ಬಿಡುವುದೂ ಒಂದೇ. ಕೆಲವು ಸಲ ಅದು ಅನ್ಯಾಯ ಅನ್ನಿಸಿದೆ. ಕೆಲವು ಸಲ, ಅಂಥದ್ದೊಂದು ದನಿ ಭೂಮಿಯ ಮೇಲೆ ಇನ್ನೂ ಉಳಿದಿದೆಯಲ್ಲ, ಉಳಿಸಿಟ್ಟು ಹೋದವರು ಇವರೇ ಅಲ್ಲವೇ ಅನ್ನಿಸಿದೆ. ಎರಡೂ ನಿಜ. ಅಂದಿನಿಂದ ಅವನು ಬಂದ ದಿನ ನಾನು ಅವನ ಎದುರಿಗೆ ಹೆಚ್ಚು ಕೂರುವುದಿಲ್ಲ. ಪಲ್ಯ ಆಗಿದ್ದರೂ ಇನ್ನೊಂದು ಹಚ್ಚುತ್ತೇನೆ. ಹಾಲು ಕಾದಿದ್ದರೂ ಮತ್ತೆ ಕಾಯಿಸುತ್ತೇನೆ. ಅವನಿಗೂ ಇದು ತಿಳಿದಿರಬೇಕು. ಏಕೆ ಎಂದು ಒಮ್ಮೆಯೂ ಕೇಳಿಲ್ಲ. ಮುಂದಿನ ಕೋಣೆಯಲ್ಲಿ ಕೂತು, ಒಳಗೆ ಕೇಳುವ ಹಾಗೆ ಗಟ್ಟಿಯಾಗಿ ಮಾತಾಡುತ್ತಾನೆ.

ಈ ಸಲ ಬಂದಾಗ ಆನೆಗಳ ಸುದ್ದಿ ಹೇಳುತ್ತಿದ್ದ. ಗದ್ದೆಗೆ ಇಳಿದವಂತೆ, ಮರಿಯೂ ಇತ್ತಂತೆ, ತೆನೆ ತಿಂದಿದ್ದಕ್ಕಿಂತ ತುಳಿದಿದ್ದೇ ಹೆಚ್ಚಂತೆ. ಪಟಾಕಿ ಹೊಡೆದರೂ ಜಗ್ಗಲಿಲ್ಲವಂತೆ.

"ಆಮೇಲೆ ನಮ್ಮ ಕಾಫಿ ಗಿಡಗಳ ಮಧ್ಯ ಹಾದು ಹೊಂಟೋದ್ವು. ಅತ್ಗೆ, ಕೇಳ್ತಾ ಐತಾ?"

"ಕೇಳ್ತಾ ಐತಪ್ಪ. ಹೇಳು" ಎಂದೆ.

ಅವನು ಮತ್ತೆ ಶುರು ಮಾಡಿದ. ನಾನು ಒಲೆ ಸಣ್ಣ ಮಾಡಿ, ಅಡಿಗೆಮನೆಯ ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿ ನಿಂತುಕೊಂಡೆ.